ಬೇರೆಲ್ಲಾದರೂ ಕಡಿಮೆಗೆ ಸಿಕ್ಕರೆ

ದುರ್ಗಾಪೂಜೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಕೋಲ್ಕತ್ತಾದ ದಿನಪತ್ರಿಕೆಗಳು ದಪ್ಪಗಾಗುತ್ತವೆ. ಮೊದಲ ಸುದ್ದಿ ಕಣ್ಣಿಗೆ ಬೀಳುವ ಮುನ್ನ ಟಿವಿ, ಫ್ರಿಜ್ಜು, ವಾಷಿಂಗ್ ಮಷೀನು, ಮೊಬೈಲುಗಳ ಪುಟಗಳನ್ನು ಒಂದೊಂದಾಗಿ ಮಗುಚಬೇಕು. ಬೋನಸ್ ಕೈಗೆ ಬರುವ ಕಾಲ. ವರ್ಷವಿಡೀ ಮುಂದೂಡಿದ ದೊಡ್ಡ ಖರೀದಿಯನ್ನೆಲ್ಲ ಬಂಗಾಳಿ ಮನೆಗಳು ಈ ತಿಂಗಳಿಗೇ ಕಾದಿಟ್ಟಿರುತ್ತವೆ. ಆ ಜಾಹೀರಾತುಗಳ ನಡುವೆ ಒಂದು ಮಾತು ಆಗಾಗ ತಲೆ ಹಾಕುತ್ತದೆ: ಇದೇ ವಸ್ತು ಬೇರೆಲ್ಲಾದರೂ ಇದಕ್ಕಿಂತ ಕಡಿಮೆಗೆ ಸಿಕ್ಕರೆ ವ್ಯತ್ಯಾಸದ ಹಣ ವಾಪಸ್. ಎರಡರಷ್ಟು ವಾಪಸ್ ಎನ್ನುವವರೂ ಇದ್ದಾರೆ. ಪಕ್ಕದಲ್ಲೊಂದು ಪುಟ್ಟ ನಕ್ಷತ್ರ. ಆ ನಕ್ಷತ್ರದ ಅರ್ಥ ಪುಟದ ತಳದಲ್ಲಿ, ಕನ್ನಡಕ ಹಾಕಿದರೂ ಓದಲಾಗದ ಅಕ್ಷರಗಳಲ್ಲಿ ಇರುತ್ತದೆ.

ಈ ಮಾತನ್ನು ನಂಬಬಹುದೇ? ಚಹಾ ಕುಡಿಯುತ್ತ ಮಾತಾಡಲು ಒಳ್ಳೆಯ ವಿಷಯ. ಆದರೆ ಇದು ಬರೀ ಹೊತ್ತು ಕಳೆಯುವ ವಿಷಯವಲ್ಲ. ಆ ಮಾತನ್ನು ನೆಚ್ಚಿ ಸಾವಿರಾರು ಮನೆಗಳವರು ವರ್ಷದ ಉಳಿತಾಯವನ್ನು ಕೌಂಟರಿನ ಮೇಲೆ ಇಡುತ್ತಾರೆ.

ಅಂಗಡಿಯ ಮಾತು ಬರುವುದಕ್ಕೆ ಮುಂಚೆ ಊರಿನ ಮಾತು ಬರಲಿ. ಕೋಲ್ಕತ್ತಾ ಚೌಕಾಸಿಯ ಊರು. ಇಲ್ಲಿ ಅದಕ್ಕೆ ದರದಾಮ್ ಎನ್ನುತ್ತಾರೆ. ಗಡಿಯಾಹಾಟಿನ ಫುಟ್‌ಪಾತಿನಲ್ಲಿ, ಹಾತಿಬಾಗಾನಿನಲ್ಲಿ, ನ್ಯೂ ಮಾರ್ಕೆಟ್ಟಿನ ಸುತ್ತ ಸೀರೆ, ಚಪ್ಪಲಿ, ಕಿವಿಯೋಲೆ ಯಾವುದಕ್ಕೇ ಆಗಲಿ ಮೊದಲು ಹೇಳುವ ಬೆಲೆ ಮಾತಿಗೆ ಆರಂಭ ಅಷ್ಟೇ. 1874ರ ಹೊಸವರ್ಷದ ದಿನ ಬಾಗಿಲು ತೆರೆದ ನ್ಯೂ ಮಾರ್ಕೆಟ್ಟು ಮೊದಲಿಗೆ ಇಂಗ್ಲಿಷರಿಗೆಂದು ಕಟ್ಟಿದ್ದು. ಆಮೇಲೆ ಇಡೀ ಊರು ಅದನ್ನು ತನ್ನದಾಗಿಸಿಕೊಂಡಿತು. ಅಲ್ಲಿಂದ ಸ್ವಲ್ಪ ನಡೆದರೆ ಧರ್ಮತಲಾದ ಮೂಲೆಯಲ್ಲಿ ಟಿಪ್ಪು ಸುಲ್ತಾನ್ ಮಸೀದಿ. ಕನ್ನಡನಾಡಿನಿಂದ ಬಂದವರು ಅಲ್ಲಿ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವುದಿಲ್ಲ. 1806ರ ವೆಲ್ಲೂರು ದಂಗೆಯ ನಂತರ ಟಿಪ್ಪುವಿನ ಮಕ್ಕಳನ್ನು ಇಂಗ್ಲಿಷರು ಇಲ್ಲಿಗೆ ಸಾಗಹಾಕಿದರು. ಅವರಲ್ಲಿ ಕಿರಿಯವನಾದ ಗುಲಾಂ ಮಹಮ್ಮದ್ 1842ರಲ್ಲಿ ಈ ಮಸೀದಿ ಕಟ್ಟಿಸಿದ. ಶ್ರೀರಂಗಪಟ್ಟಣದ ರಾಜಕುಮಾರನ ಮಸೀದಿಯ ಸುತ್ತಮುತ್ತ ಇಂದು ಬೆಲ್ಟು, ಛತ್ರಿ, ಮೊಬೈಲ್ ಕವಚ ಮಾರುವವರು ಕೂಗುತ್ತಿರುತ್ತಾರೆ.

ಮಸೀದಿಯ ಹಿಂದಕ್ಕೆ ನಡೆದರೆ ಚಾಂದನಿ ಚೌಕ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೇಗೋ ಕೋಲ್ಕತ್ತಾದವರಿಗೆ ಇದು ಹಾಗೆ: ವೈರು, ಸ್ಪೀಕರು, ಕಂಪ್ಯೂಟರಿನ ಬಿಡಿಭಾಗ, ಏನು ಕೇಳಿದರೂ ಉಂಟು. ಇಲ್ಲಿ ಯಾವ ಅಂಗಡಿಯೂ ವ್ಯತ್ಯಾಸದ ಹಣ ವಾಪಸ್ ಎಂದು ಬೋರ್ಡು ಹಾಕುವುದಿಲ್ಲ. ಹಾಕಬೇಕಾಗಿಯೂ ಇಲ್ಲ. ಒಬ್ಬನ ಬೆಲೆ ಹಿಡಿಸದಿದ್ದರೆ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುವುದೇ ತಡ, ಮೊದಲನೆಯವನು ‘ದಾದಾ, ಶುನುನ್’ (ಅಣ್ಣಾ, ಕೇಳಿ) ಎಂದು ಕೂಗಿ ಕರೆಯುತ್ತಾನೆ. ಅದೇ ಸರಕು, ಅದೇ ಓಣಿ, ಹತ್ತು ಹೆಜ್ಜೆ ದೂರ. ಬೆಲೆ ಸರಿಹೋಗಬೇಕಾದ್ದು ದುಡ್ಡು ಕೈಬಿಡುವ ಮುಂಚೆ ಅಲ್ಲಿಯೇ ಸರಿಹೋಗುತ್ತದೆ. ಕಾಲೇಜ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲೂ ಹೀಗೆಯೇ. ಹೊಸ ಪುಸ್ತಕಕ್ಕೆ ಎಷ್ಟು ಕಡಿತ ಸಿಗಬೇಕೆಂದು ಅಲ್ಲಿಗೆ ಹೋಗುವ ಹುಡುಗರಿಗೆಲ್ಲ ಬಾಯಿಪಾಠ.

ದೊಡ್ಡ ಮಳಿಗೆಗಳು ಬಂದ ಮೇಲೆ ಈ ಲೆಕ್ಕ ಬದಲಾಯಿತು. ಅದರ ಒಂದು ಆರಂಭ ಕೋಲ್ಕತ್ತಾದಲ್ಲೇ ಆಯಿತು. ಪ್ಯಾಂಟಲೂನ್ಸ್‌ನ ಮೊದಲ ಮಳಿಗೆ 1997ರಲ್ಲಿ ಗಡಿಯಾಹಾಟಿನಲ್ಲಿ ತೆರೆಯಿತು. 2001ರಲ್ಲಿ ಬಿಗ್ ಬಜಾರ್ ಶುರುವಾದಾಗ ಅದರ ಮೊದಲ ಊರುಗಳ ಪಟ್ಟಿಯಲ್ಲಿ ಕೋಲ್ಕತ್ತಾ, ಹೈದರಾಬಾದುಗಳ ಜೊತೆ ನಮ್ಮ ಬೆಂಗಳೂರೂ ಇತ್ತು. ಇದಕ್ಕಿಂತ ಅಗ್ಗವಾದದ್ದೂ ಚೆನ್ನಾದದ್ದೂ ಬೇರೆಲ್ಲೂ ಇಲ್ಲ ಎಂಬ ಅದರ ಹಿಂದಿ ಘೋಷಣೆ ದೇಶದ ಮಕ್ಕಳ ಬಾಯಲ್ಲೆಲ್ಲ ಕುಣಿಯಿತು. 2006ರ ಗಣರಾಜ್ಯೋತ್ಸವದಂದು ‘ಎಲ್ಲಕ್ಕಿಂತ ಅಗ್ಗದ ದಿನ’ ಎಂದು ಸಾರಿದಾಗ ಜನ ಮುಗಿಬಿದ್ದರು. ಬೇರೆಲ್ಲೂ ಇಲ್ಲ ಎನ್ನುವ ಆ ಮಾತನ್ನು ಯಾವ ಗಿರಾಕಿಯೂ ಪರೀಕ್ಷೆ ಮಾಡಲಾರ. ಊರಿನ ಎಲ್ಲ ಅಂಗಡಿಯ ಎಲ್ಲ ಸಾಮಾನಿನ ಬೆಲೆ ಯಾರಿಗೆ ಗೊತ್ತಿರುತ್ತದೆ? ಸಾಲದ ಹೊರೆಯಲ್ಲಿ ಆ ಕಂಪನಿ ಕುಸಿದು 2022ರಲ್ಲಿ ಅದರ ಮಳಿಗೆಗಳು ರಿಲಯನ್ಸ್ ಕೈಗೆ ಹೋದವು. ಆ ಘೋಷಣೆ ಮಾತ್ರ ನಮ್ಮ ತಲೆಯಲ್ಲಿ ಇನ್ನೂ ಇದೆ.

ಬಡಾಯಿ ಬೇರೆ, ಮಾತು ಕೊಡುವುದು ಬೇರೆ. ಈ ಭೇದವನ್ನು ಕಾನೂನು ಓದುವ ನಮ್ಮ ಹುಡುಗರು ಮೊದಲ ವರ್ಷದಲ್ಲೇ ಕಲಿಯುತ್ತಾರೆ, ಅದೂ ಒಂದು ಲಂಡನ್ ಕಥೆಯಿಂದ. 1890ರ ಸುಮಾರಿಗೆ ಅಲ್ಲಿ ಫ್ಲೂ ಜ್ವರದ ಹಾವಳಿ. ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಮೂಗಿಗೆ ಹೊಗೆ ಊಡುವ ಚೆಂಡನ್ನು ಮಾರುತ್ತಿದ್ದ ಕಂಪನಿ, ಹೇಳಿದಂತೆ ಬಳಸಿಯೂ ಯಾರಿಗಾದರೂ ಫ್ಲೂ ಬಂದರೆ 100 ಪೌಂಡು ಕೊಡುತ್ತೇವೆ, ನಂಬಿಕೆಗಾಗಿ 1000 ಪೌಂಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಎಂದು ಜಾಹೀರಾತು ಕೊಟ್ಟಿತು. ಶ್ರೀಮತಿ ಕಾರ್ಲಿಲ್ ಎಂಬಾಕೆ ಅದನ್ನು ಕೊಂಡು ದಿನಕ್ಕೆ ಮೂರು ಹೊತ್ತು ಬಳಸಿದಳು. ಫ್ಲೂ ಬಂತು, 100 ಪೌಂಡು ಕೇಳಿದಳು. ಅದು ಬರೀ ಜಾಹೀರಾತಿನ ಮಾತು, ಯಾರೂ ಗಂಭೀರವಾಗಿ ತೆಗೆದುಕೊಳ್ಳಬಾರದು ಎಂದು ಕಂಪನಿ ವಾದಿಸಿತು. 1892ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು: ಇಂಥದ್ದು ಮಾಡಿದರೆ ಇಷ್ಟು ಕೊಡುತ್ತೇನೆ ಎಂದು ಸ್ಪಷ್ಟವಾಗಿ ಹೇಳಿ, ಬ್ಯಾಂಕಿನಲ್ಲಿ ಹಣ ಬೇರೆ ಇಟ್ಟ ಮೇಲೆ ಅದು ಒಪ್ಪಂದ, ಕೊಡಲೇಬೇಕು.

ಅಂದರೆ ಬೇರೆಲ್ಲೂ ಇಲ್ಲ ಎನ್ನುವುದು ಬಡಾಯಿಯ ಸಾಲಿಗೆ ಸೇರುತ್ತದೆ. ವ್ಯತ್ಯಾಸದ ಹಣ ವಾಪಸ್ ಎನ್ನುವುದು ಮಾತು ಕೊಟ್ಟ ಸಾಲಿಗೆ. ಇಷ್ಟರಮಟ್ಟಿಗೆ ಎರಡನೆಯದು ಮೇಲು.

ಇನ್ನೊಂದು ಕಥೆ ನಮ್ಮ ದೇಶದ್ದೇ, 1913ರ ಅಲಹಾಬಾದ್ ಹೈಕೋರ್ಟಿನದು. ಗೌರಿದತ್ತ ಎಂಬವರ ಮನೆಯ ಹುಡುಗ ಕಾಣೆಯಾದ. ಹುಡುಕಲು ಆಳುಗಳನ್ನು ಊರೂರಿಗೆ ಕಳಿಸಿದರು. ಲಾಲ್‌ಮನ್ ಶುಕ್ಲ ಹರಿದ್ವಾರದ ಕಡೆ ಹೋದ. ಅವನು ಹೋದ ಮೇಲೆ ಯಜಮಾನರು ಹುಡುಕಿ ಕೊಟ್ಟವರಿಗೆ 501 ರೂಪಾಯಿ ಎಂದು ಕರಪತ್ರ ಹಂಚಿದರು. ಲಾಲ್‌ಮನ್ ಹುಡುಗನನ್ನು ಪತ್ತೆಹಚ್ಚಿ ಕರೆತಂದ. ಬಹುಮಾನದ ಸಂಗತಿ ತಿಳಿದದ್ದು ಆಮೇಲೆ. ಕೇಳಿದಾಗ ಸಿಗಲಿಲ್ಲ, ಕೋರ್ಟಿಗೆ ಹೋದರೂ ಸಿಗಲಿಲ್ಲ. ಬಹುಮಾನವಿದೆ ಎಂದು ತಿಳಿಯದೆ ಮಾಡಿದ ಕೆಲಸಕ್ಕೆ ಬಹುಮಾನ ಕೇಳುವ ಹಕ್ಕು ಹುಟ್ಟುವುದಿಲ್ಲ ಎಂಬುದು ತೀರ್ಪು. ಕಾನೂನಿನ ಕಣ್ಣಿಗೆ ಸರಿಯಿರಬಹುದು, ಆ ಆಳಿನ ಬಗ್ಗೆ ನನಗೆ ಇಂದಿಗೂ ಮರುಕವಿದೆ. ಬೆಲೆ ಸರಿದೂಗಿಸುವ ವಾಗ್ದಾನದಲ್ಲಿ ನಾನು ಕಾಣುವುದು ಇದೇ ಲಾಲ್‌ಮನ್‌ನ ಪಾಡನ್ನು. ಮಾತು ಎಲ್ಲರಿಗೂ ಕೊಟ್ಟದ್ದು, ಹಣ ಮಾತ್ರ ಕೇಳಿ ಬಂದವನಿಗೆ. ಕೇಳಲು ಮೊದಲು ಆ ಮಾತು ಗೊತ್ತಿರಬೇಕು, ಬಿಲ್ಲು ಜೋಪಾನವಾಗಿರಬೇಕು, ಬೇರೆ ಅಂಗಡಿಗಳ ಬೆಲೆ ನೋಡಲು ಬಿಡುವಿರಬೇಕು, ಮತ್ತೆ ಟ್ರಾಮೋ ಬಸ್ಸೋ ಹಿಡಿದು ಬಂದು ಕೌಂಟರಿನ ಮುಂದೆ ನಿಂತು ವಾದಿಸುವ ಗಟ್ಟಿತನ ಬೇಕು. ಕ್ಯಾನಿಂಗಿನಿಂದ ಮುಂಜಾನೆಯ ಲೋಕಲ್ ಹಿಡಿದು ದಕ್ಷಿಣ ಕೋಲ್ಕತ್ತಾದ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಕಂತಿನಲ್ಲಿ ಟಿವಿ ಕೊಂಡರೆ ಅವಳಿಗೆ ಇದರಲ್ಲಿ ಯಾವುದಿದೆ? ಅವಳು ಹೆಚ್ಚು ಕೊಟ್ಟ ದುಡ್ಡು ಅಂಗಡಿಯಲ್ಲೇ ಉಳಿಯುತ್ತದೆ. ಬಿಡುವೂ ಓದೂ ಇದ್ದವರಿಗೆ ವ್ಯತ್ಯಾಸ ವಾಪಸ್ ಬರುತ್ತದೆ. ಈ ಪದ್ಧತಿಯಲ್ಲಿ ನನಗೆ ಅತಿಯಾಗಿ ನೋಯುವ ಭಾಗ ಇದು.

ಎಲ್ಲ ತಿಳಿದವರಿಗಾದರೂ ಸಿಗುತ್ತದೆಯೇ? ನಮ್ಮ ಓಣಿಯ ಒಬ್ಬ ನಿವೃತ್ತ ಮೇಷ್ಟ್ರು ಒಂದು ಮಳಿಗೆಯಲ್ಲಿ ವಾಷಿಂಗ್ ಮಷೀನು ಕೊಂಡರು. ವಾರದೊಳಗೆ ಇನ್ನೊಂದು ಮಳಿಗೆಯಲ್ಲಿ ಅದೇ ಬಣ್ಣ, ಅದೇ ಗಾತ್ರ, ಅದೇ ಕಂಪನಿಯ ಯಂತ್ರ ಕಡಿಮೆ ಬೆಲೆಗೆ ಕಂಡಿತು. ಬಿಲ್ಲು ಹಿಡಿದು ಹೋದರು. ಮ್ಯಾನೇಜರು ಮಾದರಿ ಸಂಖ್ಯೆ ನೋಡಿದ. ಕೊನೆಯ ಒಂದು ಅಕ್ಷರ ಬೇರೆ! ಇದೇ ವಸ್ತು ಎಂದು ಬರೆದಿದೆಯಲ್ಲ ಸರ್, ಇದು ಅದಲ್ಲ ಎಂದ. ಮೇಷ್ಟ್ರು ಬಿಸಿಲಲ್ಲಿ ನಡೆದು ವಾಪಸ್ ಬಂದರು. ಇದರ ಹಿಂದೆ ಒಂದು ಪದ್ಧತಿಯೇ ಇದೆ. ದೊಡ್ಡ ಮಳಿಗೆಗಳಿಗಾಗಿ ತಯಾರಕರು ಬೇರೆ ಬೇರೆ ಮಾದರಿ ಸಂಖ್ಯೆ ಕೊಡುವುದು ಲೋಕದಲ್ಲೆಲ್ಲ ಉಂಟು. ಒಂದು ಗುಂಡಿ ಹೆಚ್ಚು, ಬಾಗಿಲ ಅಂಚು ಬೇರೆ, ಸಂಖ್ಯೆ ಬೇರೆ. ಹಾಸಿಗೆ ವ್ಯಾಪಾರದಲ್ಲಂತೂ ಅಮೆರಿಕದ ಗಿರಾಕಿಗಳು ಇದರಿಂದ ಬಹಳ ಕಾಲದಿಂದ ಬೇಸತ್ತಿದ್ದಾರೆ. ಸಂಖ್ಯೆ ಹೊಂದಿದರೂ ಉಳಿದ ಷರತ್ತುಗಳಿವೆ: ಆನ್‌ಲೈನ್ ಬೆಲೆ ಲೆಕ್ಕಕ್ಕಿಲ್ಲ, ಬ್ಯಾಂಕ್ ಕಾರ್ಡಿನ ಕಡಿತ ಲೆಕ್ಕಕ್ಕಿಲ್ಲ, ಹಳೆಯದನ್ನು ಕೊಟ್ಟು ಹೊಸದು ಕೊಂಡ ಬೆಲೆ ಲೆಕ್ಕಕ್ಕಿಲ್ಲ, ಆ ಇನ್ನೊಂದು ಅಂಗಡಿಯಲ್ಲಿ ಈಗಲೂ ಸರಕು ಇರಬೇಕು, ಇಷ್ಟೇ ದಿನದೊಳಗೆ ಬರಬೇಕು. ಇವಿಷ್ಟನ್ನೂ ದಾಟಿ ಉಳಿಯುವ ವಾಗ್ದಾನ ಜಾಹೀರಾತಿನ ದಪ್ಪ ಅಕ್ಷರಕ್ಕೆ ತಕ್ಕದ್ದಾಗಿರುವುದಿಲ್ಲ.

ಅರ್ಥಶಾಸ್ತ್ರಜ್ಞರು ಇನ್ನೂ ಆಳಕ್ಕೆ ಹೋಗಿ ಒಂದು ಅನುಮಾನ ಎತ್ತಿದ್ದಾರೆ. ಅಮೆರಿಕದ ಸ್ಟೀವನ್ ಸಾಲಪ್ 1986ರಲ್ಲಿ ಬರೆದ ಪ್ರಬಂಧ ಇದಕ್ಕೆ ಹೆಸರಾದದ್ದು. ಒಂದೇ ಬೀದಿಯಲ್ಲಿ ಎರಡು ಮಳಿಗೆಗಳಿವೆ ಎನ್ನಿ. ನೀನು ಎಷ್ಟಕ್ಕೆ ಇಳಿಸಿದರೂ ನಾನೂ ಅಷ್ಟಕ್ಕೇ ಕೊಡುತ್ತೇನೆ ಎಂದು ಮೊದಲನೆಯವನು ಬೋರ್ಡು ಹಾಕುತ್ತಾನೆ. ಗಿರಾಕಿ ಅದನ್ನು ತನಗೆ ಹೇಳಿದ ಮಾತು ಎಂದುಕೊಳ್ಳುತ್ತಾನೆ. ಓದಬೇಕಾದವನು ಓದುತ್ತಾನೆ, ಅವನು ಎದುರಿನ ಅಂಗಡಿಯವನು. ಬೆಲೆ ಇಳಿಸಿದರೆ ನಿನಗೆ ಹೊಸ ಗಿರಾಕಿ ಒಬ್ಬನೂ ಬರುವುದಿಲ್ಲ, ಲಾಭ ಮಾತ್ರ ಕರಗುತ್ತದೆ ಎಂಬುದು ಅವನಿಗೆ ಮುಟ್ಟಿದ ಸಂದೇಶ. ಹಾಗಾಗಿ ಅವನು ಇಳಿಸುವುದಿಲ್ಲ. ಇಬ್ಬರ ಬೆಲೆಯೂ ಮೇಲೆಯೇ ನಿಲ್ಲುತ್ತದೆ. ಇದನ್ನು ಸಾಧಿಸಲು ಇಬ್ಬರೂ ಎಲ್ಲೂ ಗುಟ್ಟಾಗಿ ಸೇರಿ ಮಾತಾಡಬೇಕಾಗಿಲ್ಲ. ಬೆಲೆ ಕಾಯುವ ಕಾವಲುಗಾರರಾಗಿ ಗಿರಾಕಿಗಳೇ ಪುಕ್ಕಟೆ ದುಡಿಯುತ್ತಾರೆ: ಎದುರಿನವನು ಎಲ್ಲಿ ಎಷ್ಟು ಇಳಿಸಿದ ಎಂಬ ವರದಿಯನ್ನು ಬಿಲ್ಲು ಸಮೇತ ತಂದು ಕೊಡುವವರು ಅವರು. ಎಲ್ಲ ಪಂಡಿತರೂ ಇದನ್ನು ಒಪ್ಪುವುದಿಲ್ಲ. ನಿಜವಾಗಿ ಅಗ್ಗಕ್ಕೆ ಮಾರುವವನು ತನ್ನ ಮೇಲಿನ ಭರವಸೆಯಿಂದಲೇ ಇಂಥ ಮಾತು ಕೊಡುತ್ತಾನೆ ಎನ್ನುವವರೂ ಇದ್ದಾರೆ. ಎರಡೂ ಬಗೆಯ ಅಂಗಡಿಗಳು ಇರುವುದು ನಿಜ. ಬೋರ್ಡು ಮಾತ್ರ ಎರಡರದ್ದೂ ಒಂದೇ, ಹಾಗಾಗಿ ಬೋರ್ಡನ್ನು ನೋಡಿ ಅಂಗಡಿಯನ್ನು ಗುರುತಿಸಲಾಗದು.

ಬೆಲೆ ಎಲ್ಲ ಕಡೆ ಒಂದೇ ಇರುವುದು ಗಿರಾಕಿಗೆ ಯಾವಾಗಲೂ ಒಳ್ಳೆಯದಲ್ಲ ಎನ್ನಲು ಕೋಲ್ಕತ್ತಾದಲ್ಲೇ ಒಂದು ದೊಡ್ಡ ಸಾಕ್ಷಿಯಿದೆ, ಔಷಧದಂಗಡಿಗಳದ್ದು. ಬೆಂಗಾಲ್ ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್ ಅಸೋಸಿಯೇಷನ್ ತನ್ನ ಸದಸ್ಯರಿಗೆ ರಿಯಾಯಿತಿ ಕೊಡಬೇಡಿ, ಎಂಆರ್‌ಪಿಗೇ ಮಾರಿ ಎಂದು ಒತ್ತಾಯ ಮಾಡಿತ್ತು. ಭಾರತದ ಸ್ಪರ್ಧಾ ಆಯೋಗ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, 2014ರ ಮಾರ್ಚಿನಲ್ಲಿ ಇದು ಕಾನೂನಿಗೆ ವಿರುದ್ಧ ಎಂದು ತೀರ್ಪಿತ್ತು ದಂಡ ವಿಧಿಸಿತು. ಮಾತ್ರೆಯ ಬೆಲೆಯಲ್ಲಿ ಹತ್ತು ರೂಪಾಯಿ ಇಳಿದರೆ ಬದುಕು ಹಗುರಾಗುವ ಮುದುಕರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರಿಗೆ ಅಂಗಡಿಯವರು ಕೊಡಲು ಸಿದ್ಧರಿದ್ದ ಹತ್ತು ರೂಪಾಯಿಯನ್ನು ಸಂಘ ತಡೆಯಿತು ಎನ್ನುವುದು ಸಣ್ಣ ಸಂಗತಿಯಲ್ಲ. ಇಂದು ಅದೇ ಕೋಲ್ಕತ್ತಾದ ಔಷಧದಂಗಡಿಗಳ ಮುಂದೆ ಶೇಕಡ 15, ಶೇಕಡ 20 ಕಡಿತ ಎಂಬ ಬೋರ್ಡುಗಳು ರಾರಾಜಿಸುತ್ತವೆ. ಒಬ್ಬ ಹಾಕಿದರೆ ಪಕ್ಕದವನೂ ಹಾಕಲೇಬೇಕು. ಇದು ನಿಜವಾದ ಬೆಲೆ ಸರಿದೂಗಿಸುವಿಕೆ: ಮೊದಲೇ ಹೇಳಿದ್ದು, ಎಲ್ಲ ಗಿರಾಕಿಗೂ ಒಂದೇ, ಬಿಲ್ಲು ಹಿಡಿದು ಮತ್ತೆ ಅಲೆಯಬೇಕಾಗಿಲ್ಲ.

ಅಲ್ಲಿಯೂ ಒಂದು ಎಚ್ಚರ ಬೇಕು. ಕಡಿತ ಲೆಕ್ಕ ಹಾಕುವುದು ಎಂಆರ್‌ಪಿಯ ಮೇಲೆ. 1990ರಿಂದ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಅಚ್ಚಾಗಬೇಕೆಂಬ ನಿಯಮ ಇದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಿಮೆಗೆ ಎಷ್ಟಕ್ಕಾದರೂ ಮಾರಬಹುದು. ಆದರೆ ಬಹುಪಾಲು ಸರಕುಗಳಲ್ಲಿ ಆ ಅಂಕಿಯನ್ನು ನಿರ್ಧರಿಸುವವನು ತಯಾರಕ. ಪಶ್ಚಿಮ ಬಂಗಾಳ ಸರ್ಕಾರ 2012ರ ಕೊನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ನ್ಯಾಯಬೆಲೆ ಔಷಧದಂಗಡಿಗಳನ್ನು ತೆರೆಯಿಸಿತು. ಎಂಆರ್‌ಪಿಯ ಮೇಲೆ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಕಡಿತ. ಬಡ ರೋಗಿಗಳಿಗೆ ಅದರಿಂದ ಆದ ಉಪಕಾರ ದೊಡ್ಡದು, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೂ ಕೊಳ್ಳುವವನು ನೋಡಬೇಕಾದ್ದು ಶೇಕಡ ಎಷ್ಟು ಬಿಟ್ಟರು ಎಂಬುದನ್ನಲ್ಲ, ಹತ್ತು ಮಾತ್ರೆಗೆ ಕೈಯಿಂದ ಎಷ್ಟು ಹೋಯಿತು ಎಂಬುದನ್ನು. ಮೇಲಿನ ಅಂಕಿ ಉಬ್ಬಿದಷ್ಟೂ ಕಡಿತವೂ ಉಬ್ಬಿ ಕಾಣುತ್ತದೆ.

ಕಡಿತಕ್ಕೆ ಕಾರಣ ಇರಬೇಕು ಎನ್ನುತ್ತಿದ್ದರು ನಮ್ಮ ಹಿರಿಯರು. ಈ ಮಾತಿಗೆ ಸಾಕ್ಷಿ ಬೇಕಾದರೆ ಚೈತ್ರದಲ್ಲಿ ಗಡಿಯಾಹಾಟಿಗೆ ಬನ್ನಿ. ಬಂಗಾಳಿ ವರ್ಷದ ಕೊನೆಯ ತಿಂಗಳು ಅದು, ನಮ್ಮ ಯುಗಾದಿಯ ಆಚೀಚೆಗೆ. ವೈಶಾಖದ ಮೊದಲ ದಿನ ವ್ಯಾಪಾರಿಗಳು ಹಾಲ್‌ಖಾತಾ ಮಾಡಿ, ಕೆಂಪು ಬಟ್ಟೆ ಸುತ್ತಿದ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸಿ, ಗಿರಾಕಿಗಳಿಗೆ ಸಿಹಿ ಕೊಡುತ್ತಾರೆ. ಅದಕ್ಕೂ ಮುಂಚೆ ಹಳೆಯ ಸರಕು ಖಾಲಿಯಾಗಬೇಕು. ಆದ್ದರಿಂದ ಚೈತ್ರ ಸೇಲ್. ಫುಟ್‌ಪಾತಿನ ಉದ್ದಕ್ಕೂ ಕೂಗು, ಜನಜಂಗುಳಿ, ಬೆವರು. ಅಲ್ಲಿ ಸೀರೆಯ ಬೆಲೆ ಇಳಿದಿದೆ ಎಂದರೆ ಏಕೆ ಇಳಿದಿದೆ ಎಂದು ಎಲ್ಲರಿಗೂ ಗೊತ್ತು. ಯಾರೂ ವಾಗ್ದಾನ ಮಾಡುವುದಿಲ್ಲ, ಆದರೂ ನಾನು ಆ ಕಡಿತವನ್ನು ನಂಬುತ್ತೇನೆ. ಸರ್ಕಾರದ ಸುಫಲ್ ಬಾಂಗ್ಲಾ ತರಕಾರಿ ಮಳಿಗೆಗಳನ್ನೂ ನಂಬುತ್ತೇನೆ, ಏಕೆಂದರೆ ಅಂದಿನ ದರ ಅಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಬರೆದಿರುತ್ತದೆ. ಆಲೂಗಡ್ಡೆಯ ದರ ನೋಡಿಕೊಂಡು ಪಕ್ಕದ ಸಂತೆಗೆ ಹೋಗಿ ತಾಳೆ ನೋಡುವುದು ಯಾರಿಗೂ ಕಷ್ಟವಲ್ಲ. ಲೇಕ್ ಮಾರ್ಕೆಟ್ಟಿನ ದಕ್ಷಿಣದವರ ಅಂಗಡಿಗಳಲ್ಲಿ ಕಾಫಿಪುಡಿ, ಬಾಳೆಎಲೆ ಕೊಳ್ಳುವ ನಮ್ಮವರೂ ಹೀಗೆಯೇ ಎರಡು ಅಂಗಡಿ ವಿಚಾರಿಸಿ ಕೊಳ್ಳುತ್ತಾರೆ.

ಈ ತಾಳೆ ನೋಡುವ ಕೆಲಸವನ್ನು ಮೊಬೈಲು ಸುಲಭ ಮಾಡಿದೆ ಎನ್ನುವುದು ಅರ್ಧ ನಿಜ. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲ ಬಿಗ್ ಬಿಲಿಯನ್ ಡೇ ನಡೆಸಿದಾಗ, ಹಿಂದಿನ ದಿನಗಳಿಗಿಂತ ಅಂದೇ ಕೆಲವು ವಸ್ತುಗಳ ಬೆಲೆ ಹೆಚ್ಚಾಗಿದೆ ಎಂದು ಗಿರಾಕಿಗಳು ದೂರಿದರು. ಸಂಸ್ಥಾಪಕರಿಬ್ಬರೂ ಗಿರಾಕಿಗಳಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಕೇಳಿದ್ದು ಒಳ್ಳೆಯದೇ. ಆದರೆ ಗಂಟೆಗೊಮ್ಮೆ ಬದಲಾಗುವ ಬೆಲೆಗೆ ಸರಿದೂಗಿಸುತ್ತೇನೆ ಎಂದು ಯಾವ ಅಂಗಡಿ ಮಾತು ಕೊಟ್ಟೀತು? ಬ್ರಿಟನ್ನಿನ ಜಾನ್ ಲೂಯಿಸ್ ಎಂಬ ಮಳಿಗೆ 1925ರಿಂದ ಪಾಲಿಸಿಕೊಂಡು ಬಂದ ಇಂಥದೇ ವಾಗ್ದಾನವನ್ನು 2022ರಲ್ಲಿ ಕೈಬಿಟ್ಟಿತು, ಆನ್‌ಲೈನ್ ಅಂಗಡಿಗಳ ಮುಂದೆ ಅದು ನಿಲ್ಲದಾಗಿತ್ತು. 2024ರ ಸೆಪ್ಟೆಂಬರಿನಲ್ಲಿ ಅದನ್ನು ಮತ್ತೆ ತಂದಿತು, ಆಯ್ದ ಕೆಲವು ದೊಡ್ಡ ಅಂಗಡಿಗಳ ಬೆಲೆಗೆ ಮಾತ್ರ ಸರಿದೂಗಿಸುತ್ತೇವೆ ಎಂದು ಹೇಳಿಯೇ. ಯಾರ ಬೆಲೆಗೆ, ಯಾವುದಕ್ಕೆ ಎಂದು ಮೊದಲೇ ತೆರೆದು ಹೇಳುವ ಅಂಗಡಿಯನ್ನು ನಾನು ಗೌರವಿಸುತ್ತೇನೆ.

ಹಾಗಾದರೆ ನಂಬಬಹುದೇ? ವ್ಯತ್ಯಾಸ ವಾಪಸ್ ಎಂಬ ಮಾತು ಸುಳ್ಳೆಂದು ಹೇಳಲಾರೆ, ಕೆಲವರಿಗೆ ವಾಪಸ್ ಬಂದದ್ದೂ ಉಂಟು. ಆದರೆ ಆ ಮಾತನ್ನು ನೋಡಿ ಅಂಗಡಿ ಅಗ್ಗ ಎಂದು ತಿಳಿಯುವುದು ಸಲ್ಲದು. ಬೆಲೆಯನ್ನು ಕೊಳ್ಳುವ ಮೊದಲೇ ನೋಡಿ, ಆಮೇಲೆ ಬರಬಹುದಾದ ಹಣವನ್ನು ಲೆಕ್ಕಕ್ಕೆ ಸೇರಿಸಬೇಡಿ. ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಬರೆದುಕೊಂಡು ಇನ್ನೆರಡು ಕಡೆ ವಿಚಾರಿಸಿ. ವಾಗ್ದಾನವಿದ್ದರೆ ಅದನ್ನು ಷರತ್ತುಗಳ ಸಮೇತ ಬಿಲ್ಲಿನ ಮೇಲೆ ಬರೆದುಕೊಡಿ ಎಂದು ಕೇಳಿ, ಬರೆಯಲು ಹಿಂಜರಿದರೆ ಉತ್ತರ ಅಲ್ಲೇ ಸಿಕ್ಕಂತೆ. ಜಾಹೀರಾತಿನ ಫೋಟೊ ತೆಗೆದಿಟ್ಟುಕೊಳ್ಳಿ. ನಿಮ್ಮ ಮನೆಗೆಲಸದವರೋ ಕಟ್ಟಡದ ಕಾವಲುಗಾರರೋ ದೊಡ್ಡ ಸಾಮಾನು ಕೊಳ್ಳಲು ಹೊರಟರೆ ಅರ್ಧ ಗಂಟೆ ಕೂತು ಅವರಿಗಾಗಿ ಬೆಲೆ ತಾಳೆ ನೋಡಿಕೊಡಿ.

ಕೊಟ್ಟ ಮಾತಿಗೆ ಅಂಗಡಿ ತಪ್ಪಿದರೆ ಸುಮ್ಮನಾಗಬೇಡಿ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರನ್ನು ಇಡಬೇಕೆಂಬ ಕಡ್ಡಾಯವೂ ಇಲ್ಲ.